ಬ್ರೇಕಿಲ್ಲದ ಪಕ್ಕದ ಸೀಟು

ಮಾರ್ಚ್ 4

ಪ್ರೀತಿಯ ನಾದಿನಿ,

ನೀನು ಕೂತು ಓದುತ್ತಿದ್ದರೆ ದಯವಿಟ್ಟು ಎದ್ದು ನಿಲ್ಲು. ಇದು ಕೂತು ಓದುವಂಥ ಸುದ್ದಿಯಲ್ಲ. ನಮ್ಮ ಮನೆತನದ ಚರಿತ್ರೆ ಇಂದು ಬೆಳಗ್ಗೆ ಎರಡು ಹೋಳಾಯಿತು: ಟೋಪಿಗೆ ಮುಂಚಿನದು ಒಂದು, ಟೋಪಿಯ ನಂತರದ್ದು ಇನ್ನೊಂದು. ನಾನು ಟೋಪಿ ಕೊಂಡಿದ್ದೇನೆ. ಅಗಲ ಅಂಚು, ಮಣ್ಣಿನ ಬಣ್ಣ, ಗಾಳಿಗೆ ಹಾರದಂತೆ ಗದ್ದದ ಕೆಳಗೆ ಬಿಗಿಯಲು ದಾರ. ಅಂಗಡಿಯವನು "ಯಜಮಾನರಿಗಾ ಮೇಡಂ?" ಎಂದ. "ಅಲ್ಲಪ್ಪಾ, ಈ ತಲೆಗೆ" ಎಂದು ನನ್ನ ತಲೆ ತೋರಿಸಿದೆ. ಅವನು ತಲೆಯನ್ನೂ ಟೋಪಿಯನ್ನೂ ಬಹಳ ಹೊತ್ತು ನೋಡಿ, ಎರಡರಲ್ಲಿ ಯಾವುದು ವಾಪಸ್ ಬರುತ್ತದೋ ಎಂಬ ಮುಖ ಮಾಡಿಕೊಂಡು ಬಿಲ್ ಹರಿದ.

ಟೋಪಿ ಎಲ್ಲಿಗೆ ಎನ್ನುತ್ತೀಯ. ಕಾಡಿಗೆ. ನೀನೂ ನಾನೂ, ಬಾಡಿಗೆ ಗಾಡಿಯಲ್ಲಿ. ನಾಲ್ಕು ಚಕ್ರವೂ ಎಳೆಯುವ, ತಲೆಯ ಮೇಲೆ ಡೇರೆ ಹೊತ್ತ, ಬೆನ್ನಿಗೆ ಎರಡು ಸ್ಟೆಪ್ನಿ ಕಟ್ಟಿಕೊಂಡ ಗಾಡಿ. ಗೈಡ್ ಇಲ್ಲ, ಡ್ರೈವರ್ ಇಲ್ಲ, "ಎಲ್ಲರೂ ಈ ಕಡೆ ನೋಡಿ, ಆನೆ" ಎಂದು ಮೈಕಿನಲ್ಲಿ ಅರಚುವವರಿಲ್ಲ. ವನ್ಯಧಾಮದ ಗೇಟಿನಲ್ಲಿ ಚೀಟಿ ತೋರಿಸಿ ನಾವೇ ಒಳಗೆ ಹೋಗಬಹುದು, ನಾವೇ ದಾರಿ ತಪ್ಪಬಹುದು, ಆನೆ ಅಡ್ಡ ನಿಂತರೆ ನಾವೇ ಗಾಡಿ ಹಿಂದಕ್ಕೆ ತೆಗೆಯಬಹುದು. ನಾವು ಬಿಟ್ಟುಬಂದ ನಾಡಿನಲ್ಲಿ ಜುಲೈ ಎಂದರೆ ಜಡಿಮಳೆ, ಭೂಮಧ್ಯರೇಖೆಯ ಕೆಳಗಿರುವ ಈ ಸಿಂಹಗಳ ದೇಶದಲ್ಲಿ ಒಣಗಾಲ; ಆಗ ಹೊಂಡಗಳೆಲ್ಲ ಬತ್ತಿ ಪ್ರಾಣಿಗಳು ನೀರಿರುವ ಕಡೆ ಸೇರುತ್ತವಂತೆ. ನಾವೂ ಸೇರೋಣ.

ಇದೆಲ್ಲ ಯಾಕೆಂದು ನಿನಗಲ್ಲದೆ ಇನ್ನಾರಿಗೆ ಹೇಳಲಿ? ಕಳೆದ ತಿಂಗಳು ಡ್ರೈವಿಂಗ್ ಸ್ಕೂಲನ್ನು ನನ್ನ ಅಸಿಸ್ಟೆಂಟ್ ಕೈಗೆ ಒಪ್ಪಿಸಿ ನಿವೃತ್ತಳಾದೆನಲ್ಲ, ಬೀಳ್ಕೊಡುಗೆಗೆ ಸ್ಟಿಯರಿಂಗ್ ಆಕಾರದ ಗಡಿಯಾರ ಕೊಟ್ಟರು. ಅದನ್ನು ಎರಡೂ ಕೈಯಲ್ಲಿ ಹಿಡಿದಾಗ ಹೊಳೆಯಿತು: ನನ್ನದು ಅಂತ ನನ್ನ ಕೈಗೆ ಸಿಕ್ಕ ಮೊದಲ ಸ್ಟಿಯರಿಂಗ್ ಇದು. ಅದೂ ಗೋಡೆಗೆ ತೂಗುಹಾಕುವುದು! ಈ ಊರಿಗೆ ಗಾಡಿ ಕಲಿಸಿದವಳು ನಾನು. ಬ್ಯಾಂಕ್ ಮ್ಯಾನೇಜರು, ಅವರ ಹೆಂಡತಿ, ಅವರಿಬ್ಬರಿಗೂ ಡೈವೋರ್ಸ್ ಕೊಡಿಸಿದ ವಕೀಲರು, ಎಲ್ಲರೂ ನನ್ನ ಶಿಷ್ಯರೇ. ಆದರೆ ಸ್ಕೂಲಿನಲ್ಲಿ ಸ್ಟಿಯರಿಂಗ್ ಶಿಷ್ಯರದ್ದು. ನನಗೆ ಪಕ್ಕದ ಸೀಟು, ಕಾಲ ಕೆಳಗೊಂದು ಹೆಚ್ಚುವರಿ ಬ್ರೇಕು. ಮನೆಗೆ ಬಂದರೆ ಸ್ಟಿಯರಿಂಗ್ ನಿನ್ನಣ್ಣನದ್ದು. ನನಗೆ ಅದೇ ಪಕ್ಕದ ಸೀಟು, ಬ್ರೇಕೂ ಇಲ್ಲ. "ಮನೆ ಗಾಡಿ ನಂದು ಕಣೇ, ನಿಂಗೆ ಸ್ಕೂಲ್ ಗಾಡಿ ಇದ್ಯಲ್ಲ" ಎನ್ನುತ್ತಲೇ ಬಂದರು. ನಮ್ಮ ಕಾರಿನ ಮ್ಯಾಟು ನನ್ನ ಬದಿಗೆ ತೂತಾಗಿದೆ. ಇಲ್ಲದ ಬ್ರೇಕನ್ನು ನಾನು ಅಷ್ಟು ತುಳಿದಿದ್ದೇನೆ.

ಆದ್ದರಿಂದ ನನ್ನದು ಒಂದೇ ಹಟ. ಒಂದು ಸಲ, ದೂರದ ದಾರಿಯಲ್ಲಿ, ಸ್ಟಿಯರಿಂಗ್ ನನ್ನ ಕೈಯಲ್ಲಿರಬೇಕು. ಪಕ್ಕದಲ್ಲಿ ಯಾರ ಕಾಲಿಗೂ ಬ್ರೇಕ್ ಸಿಗಬಾರದು, ಮುಖ್ಯವಾಗಿ ನಿನ್ನಣ್ಣನ ಕಾಲಿಗೆ.

ಇದನ್ನು ಫೋನಿನಲ್ಲಿ ಹೇಳಬಾರದಿತ್ತೇ ಎನ್ನಬೇಡ. ಫೋನ್ ಹಿಡಿದರೆ ಸಾಕು, ನಿನ್ನಣ್ಣ ಮನೆಯ ಯಾವ ಮೂಲೆಯಲ್ಲಿದ್ದರೂ ಬಂದು "ಸ್ಪೀಕರ್ ಹಾಕು" ಎನ್ನುತ್ತಾರೆ. ಗುಟ್ಟಿಗೆ ಅಂಚೆಯೇ ಸರಿ.

ಬಾಡಿಗೆಯವರದ್ದು ಒಂದು ನಿಯಮವಿದೆ. ಕಾಡಿಗೆ ಹೋಗುವ ಗಾಡಿಯಲ್ಲಿ ಲೈಸೆನ್ಸ್ ಇರುವವರು ಇಬ್ಬರು ಇರಲೇಬೇಕು. ಒಬ್ಬರಿಗೆ ಹೊಟ್ಟೆನೋವು ಬಂದರೆ ಇನ್ನೊಬ್ಬರು ಈಚೆಗೆ ತರಬೇಕಲ್ಲ. ನಿನಗೆ ಹೇಗೂ ಇದೆ. "ನನ್ನ ತಂಗಿಗೆ ನಾನೇ ಕಲಿಸಿದ್ದು" ಎಂದು ನಿನ್ನಣ್ಣ ಹೇಳದ ದಿನವಿಲ್ಲ. ಅದರ ನಂಬರ್ ಬರೆದು ಕಳಿಸು.

ನಿನ್ನ ಅತ್ತಿಗೆ
(ಟೋಪಿ ಹಾಕಿಕೊಂಡೇ ಬರೆದದ್ದು)


ಮಾರ್ಚ್ 15

ಅತ್ತಿಗೆಯವರ ಟೋಪಿಗೆ ಮೊದಲು, ಅತ್ತಿಗೆಯವರಿಗೆ ಆಮೇಲೆ ನಮಸ್ಕಾರ.

ಎದ್ದು ನಿಂತೇ ಓದಿದೆ. ಲ್ಯಾಬಿನಲ್ಲಿ ನನ್ನ ಮೇಜಿನ ಮೇಲೆ ನಾಲ್ಕಾರು ಗಿರಾಕಿಗಳ ದವಡೆಯ ಅಚ್ಚುಗಳಿದ್ದವು. ಹಲ್ಲು ಕಟ್ಟಿಸಿಕೊಳ್ಳಲು ಬಂದವು. ಅವೂ ಬಾಯಿ ಬಿಟ್ಟುಕೊಂಡು ಕೇಳಿದವು. ಆಮೇಲೆ ಡಾಕ್ಟರ ಹತ್ತಿರ ಹೋಗಿ ಜುಲೈಗೆ ರಜೆ ಕೇಳಿದೆ.

"ಕಾಡಿಗಾ? ಯಾರ್‍ಯಾರು?"

"ನಾನು, ನಮ್ಮತ್ತಿಗೆ."

"ಇಬ್ರೇನಾ? ಜೊತೆಗೆ ಯಾರೂ ಇಲ್ವಾ?"

"ಇದ್ದಾರೆ ಡಾಕ್ಟ್ರೇ. ನನ್ನ ಜೊತೆಗೆ ಅವರು, ಅವರ ಜೊತೆಗೆ ನಾನು."

ರಜೆ ಸಿಕ್ಕಿತು. ನಾನು ಆಗಲೇ ತಯಾರಿ ಶುರುಮಾಡಿದ್ದೇನೆ. ನೀರಿನ ಕ್ಯಾನು ನಾಲ್ಕು, ಗ್ಯಾಸ್ ಒಲೆ ಒಂದು, ಮೊಟ್ಟೆ, ಬ್ರೆಡ್ಡು, ಡಬ್ಬಿಯ ಬಟಾಣಿ. ಡೇರೆ ಗಾಡಿಯ ತಲೆಯ ಮೇಲಿದ್ದರೆ ಹತ್ತಲು ಏಣಿ ಇರಬೇಕಲ್ಲ? ಸಿಂಹ ಏಣಿ ಹತ್ತುತ್ತದೆಯೇ ಎಂದು ದಯವಿಟ್ಟು ವಿಚಾರಿಸಿ. ರಾತ್ರಿ ಇಳಿಯಬೇಕಾದ ಸಂದರ್ಭ ಬಂದರೆ ಏನು ಮಾಡುವುದೆಂದೂ ವಿಚಾರಿಸಿ. ನನಗೆ ಆ ಸಂದರ್ಭ ಬಂದೇ ಬರುತ್ತದೆ. ಕತ್ತೆಕಿರುಬ ಮನುಷ್ಯರನ್ನು ನೋಡಿ ನಗುವುದು ನಿಜವೇ? ನಮ್ಮ ಡಾಕ್ಟರ ಹಾಗೆಯೇ?

ನಂಬರ್ ವಿಷಯ. ಹುಡುಕುತ್ತೇನೆ. ಬೀರುವಿನಲ್ಲಿ ಏನೇನೋ ಇದೆ. ನಂಬರಿಗೇನು ಅವಸರ, ಅದೇನು ಎದ್ದು ಓಡಿ ಹೋಗುತ್ತದೆಯೇ?

ನಿಮ್ಮ ನಾದಿನಿ


ಮಾರ್ಚ್ 28

ನಾದಿನಿ,

ನಿನ್ನ ಪತ್ರದಲ್ಲಿ ಸಿಂಹಕ್ಕೆ ಅರ್ಧ ಪುಟ, ಲೈಸೆನ್ಸಿಗೆ ಒಂದೂವರೆ ಸಾಲು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡ. ಬೀರು ಜಾಲಾಡಿಸು.

ನಿನ್ನೆ ಬಾಡಿಗೆ ಗಾಡಿಯ ಯಾರ್ಡಿಗೆ ಹೋಗಿದ್ದೆ. ಗಾಡಿ ನೋಡಿದೆ. ಕಪ್ಪು ಬಣ್ಣ, ಅಗಲ ಮೂತಿ, ಮುಂದೆ ಎರಡು ಕೊಂಬಿನಂಥ ಕಂಬಿ. ಅದಕ್ಕೆ ಕೋಣ ಎಂದು ಹೆಸರಿಟ್ಟಿದ್ದೇನೆ. ಅಲ್ಲಿನ ಮ್ಯಾನೇಜರು ದಪ್ಪಗಿದ್ದಾರೆ, ಸೊಂಟದಲ್ಲಿ ಕೀಗಳ ಗೊಂಚಲು, ನಡೆದರೆ ಗಲಗಲ ಸದ್ದು. ಸಿಂಹ ಏಣಿ ಹತ್ತುವುದಿಲ್ಲವಂತೆ. "ಚಿರತೆ?" ಎಂದೆ. ಅವರು ಟೈರಿನ ವಿಷಯ ಮಾತಾಡತೊಡಗಿದರು.

ಆಮೇಲೆ "ಹತ್ತಿ ಮೇಡಂ, ಯಾರ್ಡಲ್ಲೇ ಒಂದು ರೌಂಡ್ ಹೊಡೀರಿ" ಎಂದರು. ಬಾಗಿಲು ತೆಗೆದೆ, ಹತ್ತಿದೆ, ಬೆಲ್ಟ್ ಹಾಕಿಕೊಂಡೆ, ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಅವರು ಹೊರಗೆ ನಿಂತಿದ್ದಾರೆ, ನಾನು ಒಳಗೆ ಕೂತಿದ್ದೇನೆ. ಅವರು ನನ್ನನ್ನು ನೋಡಿದರು, ನಾನು ರಸ್ತೆಯನ್ನು ನೋಡಿದೆ. ಕೊನೆಗೆ ಕಿಟಕಿಗೆ ಬಗ್ಗಿ, ದೇಹಸ್ಥಿತಿ ವಿಚಾರಿಸುವ ದನಿಯಲ್ಲಿ, "ಡ್ರೈವರ್ ಬರಬೇಕಾ ಮೇಡಂ ಇನ್ನೂ?" ಎಂದರು. ಆಗ ಮುಂದೆ ನೋಡಿದೆ: ಸ್ಟಿಯರಿಂಗೇ ಇಲ್ಲ! ಪಕ್ಕದ ಸೀಟಿನಲ್ಲಿ ಕೂತು ಶಿಷ್ಯನಿಗಾಗಿ ಕಾಯುತ್ತಿದ್ದೇನೆ.

ಇಬ್ಬರೂ ನಕ್ಕೆವು. "ಯಜಮಾನ್ರನ್ನೂ ಒಂದ್ಸಲ ಕರ್ಕೊಂಡು ಬನ್ನಿ" ಎಂದರು, ಪಾಪ, ಒಳ್ಳೆಯ ಮನಸ್ಸಿನಿಂದಲೇ. "ಯಜಮಾನ್ರಿಗೆ ಕಾಡಲ್ಲಿ ಕೆಲಸ ಇಲ್ಲ" ಎಂದು ಇಳಿದು ಬಂದುಬಿಟ್ಟೆ. ರೌಂಡ್ ಹೊಡೆಯುವುದು ಆ ಗಲಾಟೆಯಲ್ಲಿ ಮರೆತೇಹೋಯಿತು. ಇರಲಿ, ಅದೇನು ಮಹಾ.

ಕೀ ಕೊಡುವ ದಿನ ಅವರೆದುರು ಕಲ್ಲು, ಮರಳು, ಏರು ಮೂರರ ಮೇಲೂ ಓಡಿಸಿ ತೋರಿಸಬೇಕಂತೆ. ಪಾಸಾದರೆ ಕೀ, ಇಲ್ಲದಿದ್ದರೆ ನಮಸ್ಕಾರ. ಊರಿಗೆಲ್ಲ ಪರೀಕ್ಷೆ ಕಟ್ಟಿಸಿದವಳಿಗೇ ಪರೀಕ್ಷೆ! ಬರಲಿ.

ನಂಬರ್. ನಂಬರ್. ನಂಬರ್.

ಅತ್ತಿಗೆ


ಏಪ್ರಿಲ್ 24

ಅತ್ತಿಗೆ,

ತಡವಾದದ್ದಕ್ಕೆ ಬೇಸರಿಸಬೇಡಿ, ಲ್ಯಾಬಿನಲ್ಲಿ ಹಲ್ಲುಗಳ ಸುಗ್ಗಿ. ನೀವು ಪಕ್ಕದ ಸೀಟಿನಲ್ಲಿ ಕೂತು ಕಾದದ್ದನ್ನು ಓದಿ ಬಹಳ ಯೋಚನೆ ಮಾಡಿದೆ. ನಿಮಗೂ ಅಷ್ಟು ದೂರ ಓಡಿಸಿ ರೂಢಿಯಿಲ್ಲ, ಆಯಾಸವಾದೀತು. ನಿಮ್ಮ ಆರೋಗ್ಯದ ದೃಷ್ಟಿಯಿಂದ ಅಣ್ಣನಿಗೆ ಒಂದು ಸಾಲು ಬರೆದಿದ್ದೇನೆ, ಅವನೂ ಬರಲಿ ಎಂದು. ಅವನಿಗೆ ಲೈಸೆನ್ಸ್ ಇದೆ, ಅನುಭವವಿದೆ. ಎಲ್ಲರೂ ಸೇರಿ ಹೋದರೆ ಮಜವೇ ಅಲ್ಲವೇ?

ಡಬ್ಬಿಯ ಬಟಾಣಿ ಕೊಂಡಾಯಿತು.

ನಾದಿನಿ


ಏಪ್ರಿಲ್ 29

ಶ್ರೀಮತಿ ನಾದಿನಿಯವರಿಗೆ,

ಈ ಸಲ ಕೂತು ಓದಿರಿ. ನಿಂತು ಓದಿದರೆ ಬೀಳುತ್ತೀರಿ.

ನಿನ್ನೆ ಊಟದ ಹೊತ್ತಿಗೆ ನಿಮ್ಮ ಅಣ್ಣನವರು ತಟ್ಟೆ ಸರಿಸಿ, ಗಂಟಲು ಸರಿಮಾಡಿಕೊಂಡು ಘೋಷಿಸಿದರು: "ನೋಡೇ, ತಂಗಿ ಬರೆದಿದ್ದಾಳೆ. ನಾನೂ ಬರ್ತೀನಿ. ನೀವಿಬ್ರೂ ಹಿಂದೆ ಆರಾಮಾಗಿ ಕೂತ್ಕೊಂಡು ಆನೆ ನೋಡ್ಕೊಳ್ಳಿ. ಓಡ್ಸೋ ತಲೆನೋವು ನಂಗಿರ್ಲಿ."

"ಹಿಂದೆ? ಪಕ್ಕದ ಸೀಟಲ್ಲಿ ಯಾರು?"

"ಐಸ್ ಪೆಟ್ಟಿಗೆ. ಕೈಗೆ ಸಿಗೋ ಹಾಗಿರ್ಬೇಕಲ್ಲ."

ಕೇಳಿದಿರಾ? ಇಷ್ಟು ವರ್ಷ ಆ ಸೀಟನ್ನಾದರೂ ನನ್ನದೆಂದು ತಿಳಿದಿದ್ದೆ. ಅದೂ ಹೋಯಿತು, ಐಸ್ ಪೆಟ್ಟಿಗೆಗೆ. ನನಗೆ ಹಿಂದಕ್ಕೆ ಬಡ್ತಿ. ಆಮೇಲೆ ಗೂಟದಲ್ಲಿದ್ದ ನನ್ನ ಟೋಪಿ ತೆಗೆದು ತಲೆಗಿಟ್ಟುಕೊಂಡು ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿದರು. ಅವರಿಗೆ ಒಪ್ಪುತ್ತಿತ್ತು. ಅದಕ್ಕೇ ಇನ್ನೂ ಸಿಟ್ಟು ನನಗೆ.

ನನ್ನ ಆರೋಗ್ಯದ ದೃಷ್ಟಿ ನಿಮಗೆ ಯಾವಾಗಿನಿಂದ ಬಂತು? ನಾನು ತಮಾಷೆಗೆ ಬರೆದದ್ದನ್ನು ಹಿಡಿದುಕೊಂಡು ನನ್ನ ಕೈಯಿಂದ ಸ್ಟಿಯರಿಂಗ್ ಕಿತ್ತು, ಯಾರ ಕೈಗೆ ಹೋಗಬಾರದು ಎಂದಿದ್ದೆನೋ ಅವರ ಕೈಗೇ ಕೊಟ್ಟಿರಿ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ನನಗೆ ಓಡಿಸಲು ಬರುವುದಿಲ್ಲ ಎಂದು ನಿಮ್ಮ ಅನುಮಾನವಾದರೆ ಅದನ್ನೇ ನೇರವಾಗಿ ಬರೆಯಿರಿ. ಬಟಾಣಿಯ ಮಧ್ಯೆ ಅಡಗಿಸಬೇಡಿ.

ನಾನಂತೂ ಹೋಗುವವಳೇ. ಯಾರು ಬಂದರೂ, ಬರದಿದ್ದರೂ.

ತಮ್ಮ ಅತ್ತಿಗೆ


ಮೇ 6

ಅತ್ತಿಗೆ, ಅತ್ತಿಗೆ, ಅತ್ತಿಗೆ,

'ಶ್ರೀಮತಿ' ಎಂದು ಬೈಯುವಷ್ಟು ಸಿಟ್ಟೇ? ಮದುವೆಯಾಗದವಳಿಗೆ?

ನೇರವಾಗಿ ಬರೆಯುತ್ತೇನೆ. ನನಗೆ ಲೈಸೆನ್ಸ್ ಇಲ್ಲ. ಬೀರುವಿನಲ್ಲೂ ಇಲ್ಲ, ಎಲ್ಲೂ ಇಲ್ಲ. ಇದೆ ಎಂದು ಊರಿಗೆಲ್ಲ ಸಾರಿದವನು ಅಣ್ಣ. ಅವನು ಕಲಿಸಿದ್ದು ನಿಜ, ಮೂರು ದಿನ. "ಕ್ಲಚ್ಚು! ಕ್ಲಚ್ಚು ಅಂದ್ರೆ ಕ್ಲಚ್ಚು! ನಾನೇನ್ ಬ್ರೇಕು ಅಂದ್ನಾ?" ನಾಲ್ಕನೇ ದಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ನಾನು ಇಳಿದು, ಬಾಗಿಲು ಹಾಕಿ, ಪಕ್ಕದಲ್ಲೇ ನಿಂತಿದ್ದ ಬಸ್ಸು ಹತ್ತಿ ಮನೆಗೆ ಬಂದೆ. ಅವನ ಲೆಕ್ಕದಲ್ಲಿ ಅಲ್ಲಿಗೆ ಕೋರ್ಸ್ ಮುಗಿಯಿತು.

ನಿಮ್ಮ ಪತ್ರ ಬಂದಾಗ ಇದನ್ನು ಬರೆಯಲು ಕೈ ಬರಲಿಲ್ಲ. ಇಬ್ಬರು ಲೈಸೆನ್ಸಿನವರಿಲ್ಲದೆ ನಿಮ್ಮ ಪ್ರಯಾಣವೇ ನಿಂತುಹೋದೀತು ಎಂದು ಅಣ್ಣನನ್ನು ಎಳೆದು ತಂದೆ. ಅದಕ್ಕೆ ನಿಮ್ಮ ಆರೋಗ್ಯದ ಹೊದಿಕೆ ಹೊದಿಸಿದೆ. ನಿಮಗೆ ಓಡಿಸಲು ಬರುವುದಿಲ್ಲ ಎಂದು ನಾನು ಕನಸಿನಲ್ಲೂ ಅಂದುಕೊಂಡಿಲ್ಲ. ಪಕ್ಕದ ಸೀಟಿನ ಕಥೆ ಓದಿ ಹೊಟ್ಟೆ ಹಿಡಿದು ನಕ್ಕೆ, ಅಷ್ಟೇ.

ಈಗ ಮಾಡಿರುವುದು ಕೇಳಿ. ಅಣ್ಣನಿಗೆ ಇವತ್ತೇ ಬರೆದಿದ್ದೇನೆ: "ಅಣ್ಣಾ, ನಮ್ಮ ಅತ್ತಿಗೆ ಸೀಟನ್ನು ಐಸ್ ಪೆಟ್ಟಿಗೆಗೆ ಕೊಟ್ಟವನಿಗೆ ಗಾಡಿಯಲ್ಲಿ ಸೀಟಿಲ್ಲ." ಇಲ್ಲಿನ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದೇನೆ. ಮೇಷ್ಟ್ರು ಒಳ್ಳೆಯವರು, ಆದರೆ ಕಾರು ಸಿಗುವುದು ವಾರಕ್ಕೆ ಎರಡೇ ದಿನ. ಉಳಿದ ದಿನ ನೀವು ಕಲಿಸಿ. ಪತ್ರದಲ್ಲೇ. ನಗಬೇಡಿ.

ಲೈಸೆನ್ಸ್ ಇಲ್ಲದ ನಾದಿನಿ


ಮೇ 11

ಶಿಷ್ಯೆಗೆ,

ನಕ್ಕೆ. ನಕ್ಕ ಮೇಲೆ ಸಿಟ್ಟು ಉಳಿಯಲಿಲ್ಲ. ನಿನ್ನಣ್ಣ ನಿನ್ನ ಪತ್ರ ಓದಿದ ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ. ಮನೆ ಬಹಳ ಪ್ರಶಾಂತವಾಗಿದೆ. ಪಾಠಕ್ಕೆ ಹೇಳಿ ಮಾಡಿಸಿದ ವಾತಾವರಣ.

ಅಡುಗೆಮನೆಯ ಕುರ್ಚಿ ಎಳೆದು ಗೋಡೆಗೆ ಮುಖ ಮಾಡಿ ಕೂರು. ಕೈಯಲ್ಲಿ ಊಟದ ತಟ್ಟೆ, ಅದು ಸ್ಟಿಯರಿಂಗ್. ಕಾಲ ಬಳಿ ಸಾಲಾಗಿ ಮೂರು ಚಪ್ಪಲಿ ಇಡು: ಎಡದ್ದು ಕ್ಲಚ್, ನಡುವಿನದು ಬ್ರೇಕ್, ಬಲದ್ದು ಆಕ್ಸಿಲರೇಟರ್. ಒಬ್ಬಳೇ ಇರುವವಳ ಮನೆಯಲ್ಲಿ ಮೂರನೇ ಚಪ್ಪಲಿ ಯಾರದ್ದೆಂದು ಗುರುವಾದವಳು ಕೇಳಬಾರದು, ಕೇಳುವುದಿಲ್ಲ.

ಕ್ಲಚ್ ಬಿಡುವುದು ಹೇಗೆಂದರೆ, ತೋಳಿನ ಮೇಲೆ ನಿದ್ದೆ ಹೋದ ಮಗುವಿನ ತಲೆಯಡಿಯಿಂದ ಕೈ ತೆಗೆದ ಹಾಗೆ. ಸರಕ್ಕನೆ ತೆಗೆದೆಯೋ, ಮಗು ಎದ್ದಿತು, ಗಾಡಿ ನಿಂತಿತು. ಬ್ರೇಕ್ ಒತ್ತುವುದು ನೆಂಟರಿಗೆ "ಇನ್ನೊಂದು ದಿನ ಇದ್ದು ಹೋಗಿ" ಎನ್ನುವ ಹಾಗೆ: ಮೆತ್ತಗೆ ಶುರುಮಾಡಬೇಕು, ಅವರು ಒಪ್ಪಿಕೊಳ್ಳುವ ಮುಂಚೆ ನಿಲ್ಲಿಸಬೇಕು. ಹಾರ್ನು ಉಪ್ಪಿನ ಹಾಗೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ರಸ್ತೆಯಲ್ಲಿ ನಿನ್ನ ಗಾಡಿ ಸರಿಯಾದ ಜಾಗದಲ್ಲಿದೆಯೇ ಎಂಬ ಅನುಮಾನ ಬಂದರೆ ನಿನ್ನ ಕಿಟಕಿಯಿಂದ ಕೆಳಗೆ ನೋಡು. ಫುಟ್‌ಪಾತಿನ ಅಂಚು ಒಂದು ಮೊಳ ದೂರದಲ್ಲಿ ಕಾಣಬೇಕು. ಕಂಡರೆ ಸರಿ. ಕಾಣದಿದ್ದರೆ ಕಾಣುವವರೆಗೂ ಸರಿಯುತ್ತಾ ಹೋಗು. ಯಾರು ಏನೇ ಕೂಗಿಕೊಂಡರೂ ಈ ಮಾತು ಬಿಡಬೇಡ. ಇದು ಪುಸ್ತಕದಲ್ಲಿ ಸಿಗುವುದಿಲ್ಲ. ನನ್ನ ಇಡೀ ಜೀವಮಾನದ ಅನುಭವ.

ಗುರು


ಮೇ 27

ಗುರುಗಳೇ,

ಬದುಕಿದ್ದೇನೆ. ಅಷ್ಟನ್ನು ಮೊದಲು ಹೇಳಿಬಿಡುತ್ತೇನೆ.

ನಿನ್ನೆ ಮೊದಲ ಸಲ ಮುಖ್ಯರಸ್ತೆಗೆ ಹೋದೆ. ಕ್ಲಚ್ ಬಿಟ್ಟೆ, ಮಗು ಏಳಲಿಲ್ಲ. ಮೇಷ್ಟ್ರು "ಭೇಷ್" ಎಂದರು. ಆಗ ನಿಮ್ಮ ಮಾತು ನೆನಪಾಗಿ ಕಿಟಕಿಯಿಂದ ಕೆಳಗೆ ನೋಡಿದೆ. ಫುಟ್‌ಪಾತ್ ಇಲ್ಲ. ಸ್ವಲ್ಪ ಸರಿದೆ. ಇಲ್ಲ. ಇನ್ನೂ ಸರಿದೆ.

"ಎಲ್ಲಿಗೆ ಮೇಡಂ?"

"ಅಂಚಿಗೆ ಮೇಷ್ಟ್ರೇ."

"ಯಾವ ಅಂಚಿಗೆ?"

ಅಷ್ಟರಲ್ಲಿ ಅಂಚು ಸಿಕ್ಕೇಬಿಟ್ಟಿತು, ನೀವು ಹೇಳಿದ ಹಾಗೆ ಒಂದು ಮೊಳ ದೂರದಲ್ಲಿ. ಜೊತೆಗೆ ಎದುರಿಗೆ ಒಂದು ಹಾಲಿನ ವ್ಯಾನೂ ಸಿಕ್ಕಿತು. ಅತ್ತಿಗೆ, ನಾನು ರಸ್ತೆಯ ಆಚೆ ಬದಿಯಲ್ಲಿದ್ದೆ! ಎದುರಿನಿಂದ ಬರುವವರ ಬದಿಯಲ್ಲಿ! ಮೇಷ್ಟ್ರು ತಮ್ಮ ಬ್ರೇಕನ್ನು ಎರಡೂ ಕಾಲಿನಿಂದ ತುಳಿದರು. ವ್ಯಾನಿನವನು ತಲೆ ಹೊರಗೆ ಹಾಕಿ, "ಅಮ್ಮಾ, ಹಾಲು ಮನೆಗೇ ತಂದ್ಕೊಡ್ತೀನಿ, ಹಿಂಗೆ ಅಡ್ಡ ಹಾಕ್ಬೇಡಿ!" ಎಂದ.

ಬೆವರು ಒರೆಸಿಕೊಂಡ ಮೇಲೆ ಮೇಷ್ಟ್ರು, ಅಂಚು ನೋಡಲು ಯಾರು ಹೇಳಿದ್ದೆಂದು ವಿಚಾರಿಸಿದರು. ನಿಮ್ಮ ಪತ್ರದ ಮಾತನ್ನು ಹಾಗೇ ಒಪ್ಪಿಸಿದೆ. ಅವರು ತುಂಬ ಗೌರವದಿಂದ, "ಹೇಳ್ಕೊಟ್ಟೋರು ಯಾವ ಸೀಟಲ್ಲಿ ಕೂತ್ಕೊಳ್ತಿದ್ರು ಮೇಡಂ?" ಎಂದು ಕೇಳಿದರು. ಫುಟ್‌ಪಾತ್ ಕಾಣುವುದು ಪಕ್ಕದ ಸೀಟಿನ ಕಿಟಕಿಯಿಂದಂತೆ. ಡ್ರೈವರ್ ಕಿಟಕಿಯಿಂದ ಕಾಣುವುದು ರಸ್ತೆಯ ನಡುಭಾಗವಂತೆ. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಈಗ ಸ್ಕೂಲಿನಲ್ಲಿ ಯಾರು ತಪ್ಪು ಮಾಡಿದರೂ "ಅತ್ತಿಗೆ ಪಾಠ" ಎನ್ನುತ್ತಾರೆ.

ಟೆಸ್ಟು ಜೂನ್ ಹನ್ನೆರಡಕ್ಕೆ. ಮುಂದಿನ ಪಾಠ ಬೇಗ ಕಳಿಸಿ.

ನಿಮ್ಮ ಶಿಷ್ಯೆ


ಜೂನ್ 14

ನಾದಿನಿ,

ಪತ್ರ ತಡವಾಯಿತು. ನಿನ್ನ ಟೆಸ್ಟು ಏನಾಯಿತೋ, ಚೆನ್ನಾಗಿಯೇ ಆಗಿರಲಿ.

ನಿನ್ನ ಮೇಷ್ಟ್ರ ಪ್ರಶ್ನೆ ಸರಿಯಾದ ಪ್ರಶ್ನೆ. ಶಿಷ್ಯರ ಪಕ್ಕದಲ್ಲಿ ಕೂತಿರುವಾಗ "ಇನ್ನು ಚೂರು ಆಚೆ, ಇನ್ನು ಚೂರು ಈಚೆ" ಎಂದರೆ ಸಾಕಾಗುತ್ತಿತ್ತು. ನನ್ನ ಕಣ್ಣು ಯಾವ ಕಿಟಕಿಯಿಂದ ನೋಡಿ ಹಾಗೆ ಹೇಳುತ್ತಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಯಾರ್ಡಿನಲ್ಲಿ ಆ ದಿನ ರೌಂಡ್ ಹೊಡೆಯುವುದು ಮರೆತುಹೋಯಿತು ಎಂದು ಬರೆದಿದ್ದೆ. ಮರೆತಿರಲಿಲ್ಲ.

ನಿನ್ನಣ್ಣ ಕ್ಷೌರಕ್ಕೆ ಹೋಗಿದ್ದಾಗ ಮನೆಯ ಕಾರು ತೆಗೆದೆ. ಸ್ಕೂಲಿನಲ್ಲಿ ಶೆಡ್ಡಿನಿಂದ ಗೇಟಿನವರೆಗೆ ತಂದು ನಿಲ್ಲಿಸುತ್ತಿದ್ದೆನಲ್ಲ, ಅದು ಬಿಟ್ಟರೆ ಆ ಸೀಟಿನಲ್ಲಿ ನನಗೆ ಏನೂ ಗೊತ್ತಿಲ್ಲವೆಂದು ಕೂತ ಮೇಲೆ ತಿಳಿಯಿತು. ರಸ್ತೆ ಯಾರದೋ ಮನೆಯ ಹಾಗೆ ಕಂಡಿತು. ನನ್ನ ಅಂಚು ಎಲ್ಲೋ ದೂರ ಹೋಗಿತ್ತು. ನಮ್ಮದೇ ಗೇಟಿನ ಕಂಬಕ್ಕೆ ಬಾಗಿಲು ಉಜ್ಜಿದೆ, ಒಂದು ಮಾರುದ್ದ ಗೀರು. ನಿನ್ನಣ್ಣ ಬಂದು ಗೀರು ನೋಡಿದರು, ನನ್ನನ್ನು ನೋಡಿದರು, ಏನೂ ಹೇಳದೆ ಒಳಗೆ ಹೋದರು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಅವರನ್ನೇ ಕರೆದುಕೊಂಡು ಹೋಗೋಣ. ನಾನು ನನಗೆ ಗೊತ್ತಿರುವ ಸೀಟಿನಲ್ಲಿ ಕೂರುತ್ತೇನೆ. ಐಸ್ ಪೆಟ್ಟಿಗೆ ಹಿಂದಕ್ಕೆ ಇಟ್ಟರೆ ಸಾಕು.

ಅತ್ತಿಗೆ


ಜೂನ್ 18

ಅತ್ತಿಗೆ,

ಚಿಕ್ಕವಳು ದೊಡ್ಡವರಿಗೆ ಬೈಯಬಾರದು. ಬೈಯುತ್ತೇನೆ.

ನಾನು ನಕ್ಕು ಬರೆದದ್ದು ನಿಮಗೆ ಹೀಗೆ ಚುಚ್ಚೀತೆಂದು ಹೊಳೆಯಲಿಲ್ಲ. ಅದು ನನ್ನ ದಡ್ಡತನ. ಆದರೆ ನಿಮ್ಮದು ದಡ್ಡತನವಲ್ಲ, ಹೇಡಿತನ. ನಾನು ಕಟ್ಟಿದ ಹಲ್ಲಿನಲ್ಲಿ ಈ ಊರಿನ ಅರ್ಧ ಜನ ಅಗಿಯುತ್ತಾರೆ. ನನ್ನ ಬಾಯಲ್ಲಿರುವುದು ಮಾತ್ರ ನನ್ನದೇ ಹಲ್ಲು. ನಾಳೆ ಅವೆಲ್ಲ ಬಿದ್ದು, ನಾನೇ ಕಟ್ಟಿದ ಸೆಟ್ ನಾನು ಹಾಕಿಕೊಂಡರೆ ಏನಾಗುತ್ತದೆ? ಒತ್ತುತ್ತದೆ, ಕಚ್ಚುತ್ತದೆ, ಮಾತು ತೊದಲುತ್ತದೆ. ಕಟ್ಟಿದವಳೆಂದು ನನ್ನ ಒಸಡಿಗೆ ರಿಯಾಯಿತಿ ಇರುವುದಿಲ್ಲ. ಅಳುತ್ತಾ ಬರುವ ಗಿರಾಕಿಗಳಿಗೆ ನಾವು ಹೇಳುವುದು ಒಂದೇ ಮಾತು: "ತೆಗೆದು ಲೋಟದಲ್ಲಿ ಇಡಬೇಡಿ. ಹಾಕಿಕೊಂಡೇ ಇರಿ." ನೀವು ಮೊದಲನೇ ದಿನವೇ ಲೋಟ ಹುಡುಕುತ್ತಿದ್ದೀರಿ!

ನನ್ನ ಟೆಸ್ಟಿನ ಫಲಿತಾಂಶ: ಫೇಲ್. "ಹಿಂದಕ್ಕೆ ತೆಗೀರಿ" ಎಂದರು. ನಾನು ಮುಂದಕ್ಕೆ ಹೋದೆ, ಬಹಳ ಚೆನ್ನಾಗಿ ಹೋದೆ, ಆದರೆ ಅವರು ಕೇಳಿದ್ದು ಅದಲ್ಲವಂತೆ. ಇನ್ನೊಂದು ಸಲ ಹೋಗುತ್ತೇನೆ. ಅದರಲ್ಲೂ ಫೇಲಾದರೆ ಮತ್ತೊಂದು ಸಲ.

ಗೀರು ಬಿದ್ದದ್ದು ಬಾಗಿಲಿಗೆ. ನಿಮಗಲ್ಲ. ಅಣ್ಣನನ್ನು ಎಬ್ಬಿಸಿ ಅದೇ ಕಾರಿನಲ್ಲಿ ಪಕ್ಕದ ಸೀಟಿಗೆ ಕೂರಿಸಿ, ಬೆಳಗಾದರೆ ಊರು ಸುತ್ತಿ. ಬ್ರೇಕಿಲ್ಲದ ಆ ಸೀಟಿನಲ್ಲಿ ಕೂರುವುದು ಹೇಗಿರುತ್ತದೆಂದು ಅವನಿಗೂ ಒಮ್ಮೆ ಗೊತ್ತಾಗಲಿ.

ಅವನು ಕಾಡಿಗೆ ಬಂದರೆ ನಾನು ಬರುವುದಿಲ್ಲ. ಬಟಾಣಿಯನ್ನು ಒಬ್ಬಳೇ ತಿನ್ನುತ್ತೇನೆ.

ನಾದಿನಿ


ಜೂನ್ 29

ಪಾಸ್!

ಹಿಂದಕ್ಕೂ ಹೋದೆ. ಕ್ಲಚ್ ಬಿಡುವಾಗ "ಮಗು ಏಳುತ್ತೆ, ಮಗು ಏಳುತ್ತೆ" ಎಂದು ಗೊಣಗಿದ್ದು ಪರೀಕ್ಷೆಯವರ ಕಿವಿಗೆ ಬಿದ್ದು, ಹಿಂದಿನ ಸೀಟಿನಲ್ಲಿ ಮಗು ಹುಡುಕಿದರು. ನಿಮ್ಮಿಂದ ಪತ್ರವೇ ಇಲ್ಲ. ನಾನು ರಜೆ ರದ್ದು ಮಾಡಿಲ್ಲ, ಮಾಡುವುದೂ ಇಲ್ಲ. ಲೈಸೆನ್ಸ್ ನಂಬರ್ ಹಿಂಬದಿಯಲ್ಲಿ ಬರೆದಿದ್ದೇನೆ, ದಪ್ಪ ಅಕ್ಷರದಲ್ಲಿ.


ಜುಲೈ 8

ನಾದಿನಿ,

ಬರೆಯಲು ಪುರುಸೊತ್ತಿರಲಿಲ್ಲ. ಓಡಿಸುತ್ತಿದ್ದೆ.

ನಿನ್ನ ಬೈಗುಳ ಬಂದ ಮರುದಿನವೇ ಬೆಳಗ್ಗೆ ನಿನ್ನಣ್ಣನ ಮುಂದೆ ನಿಂತೆ. "ಏಳ್ರೀ, ಕಾರಲ್ಲಿ ಕೂತ್ಕೊಳ್ಳಿ. ಪಕ್ಕದ ಸೀಟಲ್ಲಿ."

ತಿಂಗಳ ಮೇಲೆ ಮೊದಲ ಮಾತು. "ಯಾಕೆ?"

"ಲೋಟದಲ್ಲಿ ಇಡಬಾರ್ದಂತೆ. ನಿಮ್ಮ ತಂಗಿ ಬರೆದಿದ್ದಾಳೆ."

"ಏನನ್ನ?"

"ಕೂತ್ಕೊಳ್ರೀ ಸುಮ್ನೆ."

ಮೊದಲ ದಿನ ನೋಡಬೇಕಿತ್ತು ನೀನು. ಒಂದು ಕೈ ಬಾಗಿಲಿಗೆ, ಇನ್ನೊಂದು ಕೈ ಮೇಲಿನ ಹಿಡಿಗೆ, ಎರಡೂ ಕಾಲು ಮ್ಯಾಟಿನ ಮೇಲೆ. "ಮೆಲ್ಲಗೆ! ನಾಯಿ! ನಾಯಿ!" "ನಾಯಿ ಅಂಗಡಿ ಒಳಗೆ ಮಲಗಿದೆ ರೀ." "ಎದ್ದು ಬಂದ್ರೆ?" ತಿರುವಿನಲ್ಲೊಮ್ಮೆ ಅವರ ಕಾಲು ನನ್ನ ಹಳೇ ತೂತಿನಲ್ಲಿ ಸಿಕ್ಕಿಕೊಂಡಿತು. ಬಗ್ಗಿ ಅದನ್ನು ನೋಡಿದರು, ಬೆರಳು ಹಾಕಿ ಅಳತೆಯನ್ನೂ ನೋಡಿದರು. "ಇದು ನೀನು ಮಾಡಿದ್ದಾ?" "ಅಲ್ಲ, ನೀವು ಮಾಡ್ಸಿದ್ದು" ಎಂದೆ. 

ನಿನ್ನ ಗಿರಾಕಿಗಳ ಒಸಡಿನ ಹಾಗೆ ನನ್ನ ಕಣ್ಣೂ ಮೊದಮೊದಲು ಬಹಳ ನೋಯಿತು. ಅಂಚು ಹುಡುಕಿ ಹುಡುಕಿ ಸೋತು, ಆಮೇಲೆ ಹುಡುಕುವುದನ್ನು ಬಿಟ್ಟಿತು. ಈಗ ರಸ್ತೆ ನನ್ನದೇ. ಕಳೆದ ವಾರ ಊರಾಚೆಯ ಗುಡ್ಡದ ದಾರಿಯಲ್ಲಿ ಮೂರು ತಿರುವು ಇಳಿಸಿ ಪಕ್ಕಕ್ಕೆ ನೋಡಿದರೆ ನಿನ್ನಣ್ಣ ಬಾಯಿ ತೆರೆದು ನಿದ್ದೆ. ಗೊರಕೆ ಬೇರೆ. ನನ್ನ ಶಿಷ್ಯರಿಗೆ ನಾನು ಬೇಕಾದಷ್ಟು ಸರ್ಟಿಫಿಕೇಟ್ ಕೊಟ್ಟಿದ್ದೇನೆ. ನನಗೆ ಸಿಕ್ಕಿದ್ದು ಆ ಗೊರಕೆ.

ಇವತ್ತು ಯಾರ್ಡಿನಲ್ಲಿ ಪರೀಕ್ಷೆ. ನಿನ್ನಣ್ಣ "ಸುಮ್ನೆ ನೋಡೋಕೆ" ಎಂದು ಬಂದರು. ಕಲ್ಲಿನ ಮೇಲೆ ಕೋಣ ಕುಣಿಯಿತು, ನಾನೂ ಕುಣಿದೆ. ಏರು ಸಲೀಸಾಯಿತು. ಮರಳಿನಲ್ಲಿ ಮಾತ್ರ ಹೂತು ನಿಂತಿತು. ಮ್ಯಾನೇಜರು ಗಲಗಲ ಎನ್ನುತ್ತ ಓಡಿ ಬಂದರು. "ಅಲ್ಲೇ ನಿಲ್ಲಿ" ಎಂದು ಇಳಿದು, ಮರಳಿನಲ್ಲಿ ಹಿಡಿತ ಸಿಗಲೆಂದು ನಾಲ್ಕು ಟೈರಿನಿಂದಲೂ ಸ್ವಲ್ಪ ಗಾಳಿ ಬಿಟ್ಟು, ಮತ್ತೆ ಹತ್ತಿ ಈಚೆಗೆ ತಂದೆ. ಹತ್ತುವಾಗ ಸರಿಯಾದ ಬಾಗಿಲಿಗೇ ಹೋದೆನೆಂದು ನಿನಗೆ ಪ್ರತ್ಯೇಕ ತಿಳಿಸುತ್ತಿದ್ದೇನೆ.

"ಪಾಸ್ ಮೇಡಂ" ಎಂದ ಮ್ಯಾನೇಜರು ಸೊಂಟದ ಗೊಂಚಲಿನಿಂದ ಕೀ ಬಿಡಿಸಿದರು. ಬಿಡಿಸಿ, ಯಾವ ಕೆಟ್ಟ ಯೋಚನೆಯೂ ಇಲ್ಲದೆ, ಬರೀ ಅಭ್ಯಾಸಬಲದಿಂದ ನಿನ್ನಣ್ಣನ ಕಡೆಗೆ ಚಾಚಿದರು. ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ನಿನ್ನಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ನಂಗ್ಯಾಕ್ರೀ? ಅವಳಿಗೆ ಕೊಡಿ. ನಂಗೆ ಈ ಗಾಡಿ ಓಡ್ಸೋಕೆ ಬರಲ್ಲ."

ನಿಜವೋ ಸುಳ್ಳೋ ನಾನು ಕೇಳಲಿಲ್ಲ. ಚಕ್ರ ಇರುವ ಯಾವುದನ್ನೇ ಆಗಲಿ ಓಡಿಸಲು 'ಬರಲ್ಲ' ಎಂದು ಅವರ ಬಾಯಿಂದ ಕೇಳಿದ್ದು ಇದೇ ಮೊದಲು. ಅಂಥದ್ದನ್ನು ಕೆದಕಿ ಹಾಳು ಮಾಡಬಾರದು.

ದಾರಿಯಲ್ಲಿ ಮಾತ್ರ ಒಂದು ಪ್ರಯತ್ನ ಮಾಡಿದರು. "ತಂಗಿ ಮನೆವರೆಗಾದ್ರೂ ಬರ್ಲಾ?"

"ಅಲ್ಲಿಂದ ವಾಪಸ್ ಹೇಗೆ ಬರ್ತೀರಿ?"

"ಬಸ್ಸಲ್ಲಿ."

"ಹಾಗಾದ್ರೆ ಹೋಗೋದೂ ಬಸ್ಸಲ್ಲೇ ಹೋಗಿ."

ನಾಡಿದ್ದು ಬೆಳಗ್ಗೆ ನಾನೊಬ್ಬಳೇ ಹೊರಡುತ್ತೇನೆ; ಸಂಜೆಗೆ ನಿನ್ನ ಬಾಗಿಲಲ್ಲಿ. ಮರುದಿನ ಕಾಡಿನ ಗೇಟಿನವರೆಗೆ ಅರ್ಧ ದಾರಿ ನಾನು, ಅರ್ಧ ದಾರಿ ನೀನು. ನೀನು ಓಡಿಸುವಾಗ ನಾನು ಬಾಯಿ ತೆರೆಯುವುದಿಲ್ಲ ಎಂದು ಮಾತು ಕೊಡಲಾರೆ. ಕಾಲು ಮಾತ್ರ ಮಡಚಿಕೊಂಡು ಕೂರುತ್ತೇನೆ.

ಈ ಪತ್ರ ನನಗಿಂತ ಮುಂಚೆ ತಲುಪಲಿ ಎಂದು ಕೊರಿಯರ್ ಮಾಡಿದ್ದೇನೆ, ಯಾಕೆಂದರೆ ನಿನ್ನಿಂದ ಒಂದು ಉಪಕಾರವಾಗಬೇಕು. ನಿಮ್ಮ ಬೀದಿಗೂ ಕೋಣಕ್ಕೂ ಅಗಲದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಕೆಳಗಿನ ಮನೆಯವರು ಗೋಡೆಯುದ್ದಕ್ಕೂ ಇಟ್ಟಿರುವ ಹೂವಿನ ಕುಂಡಗಳನ್ನು ಸಂಜೆಯೊಳಗೆ ಒಳಕ್ಕೆ ಎತ್ತಿಡಿಸು. ಒಪ್ಪದಿದ್ದರೆ ನೀನೇ ಎತ್ತಿಡು. ನಾನು ಹಿಂದಕ್ಕೆ ತೆಗೆಯುವುದಿಲ್ಲ.

ಅತ್ತಿಗೆ